151 ಡಾಲರ್ ದಂಡ: ಫರ್ಗ್ಯುಸನ್ ಜನ ತಮ್ಮ ಕೋರ್ಟನ್ನು ಯಾಕೆ ನಂಬಲಿಲ್ಲ

2007ರಲ್ಲಿ ಒಬ್ಬ ಮಹಿಳೆ ಕಾರು ನಿಲ್ಲಿಸಬಾರದ ಕಡೆ ನಿಲ್ಲಿಸಿದರು. ಎರಡು ಚೀಟಿ ಬಂದವು. ದಂಡ 151 ಡಾಲರ್, ಅದರ ಮೇಲೆ ಒಂದಿಷ್ಟು ಶುಲ್ಕ. ಊರು ಫರ್ಗ್ಯುಸನ್. ಅಮೆರಿಕದ ಮಿಸೌರಿ ರಾಜ್ಯದಲ್ಲಿ, ಸೇಂಟ್ ಲೂಯಿಸ್ ನಗರದ ಪಕ್ಕದಲ್ಲಿರುವ, ಆಗ ಸುಮಾರು 21,000 ಜನರಿದ್ದ ಪುಟ್ಟ ಊರು. ಆ ಮಹಿಳೆ ಕಪ್ಪು ವರ್ಣೀಯರು. ಕೈಯಲ್ಲಿ ಕಾಸಿರಲಿಲ್ಲ. ನಡುವೆ ಒಂದಷ್ಟು ಕಾಲ ಇರೋಕೆ ಮನೆಯೂ ಇರಲಿಲ್ಲ.

ದಂಡ ಕಟ್ಟಲು ಆಗಲಿಲ್ಲ. ಕೋರ್ಟಿನ ಕೆಲವು ಡೇಟುಗಳು ತಪ್ಪಿಹೋದವು. 2010ರ ಹೊತ್ತಿಗೆ ಆಕೆಯ ಮೇಲೆ ಏಳು ಸಲ 'ಗೈರು ಹಾಜರಿ' ಆರೋಪ ಬಿದ್ದಿತ್ತು. ಒಂದೊಂದಕ್ಕೂ ಒಂದು ಬಂಧನ ವಾರಂಟು, ಹೊಸ ದಂಡ, ಹೊಸ ಶುಲ್ಕ. ಎರಡು ಸಲ ಪೊಲೀಸರು ಹಿಡಿದರು. ಆರು ದಿನ ಜೈಲಿನಲ್ಲಿ ಕಳೆದರು. ಒಮ್ಮೆ 25 ಡಾಲರ್, ಇನ್ನೊಮ್ಮೆ 50 ಡಾಲರ್ ಕಟ್ಟಲು ನೋಡಿದರು. ಕೊಟ್ಟರೆ ಪೂರ್ತಿ ಕೊಡಬೇಕು ಎಂದು ಕೋರ್ಟು ಆ ಹಣ ವಾಪಸ್ ಕಳಿಸಿತು. ಅದರಲ್ಲಿ ಒಂದು ಕಂತನ್ನು ಆಮೇಲೆ ಜಮಾ ಮಾಡಿಕೊಂಡರು. ಯಾಕೆಂದರೆ ಹಣ ಬೇಡ ಅಂತ ಬರೆದ ಕಾಗದ ವಿಳಾಸದಾರರು ಸಿಗದೆ ಹಿಂದಕ್ಕೆ ಬಂದಿತ್ತು. 2014ರ ಡಿಸೆಂಬರ್ ಹೊತ್ತಿಗೆ ಆಕೆ ಕಟ್ಟಿದ್ದು 550 ಡಾಲರ್. ಇನ್ನೂ ಕಟ್ಟಬೇಕಿದ್ದದ್ದು 541 ಡಾಲರ್.

ಈ ಲೆಕ್ಕ ಅಮೆರಿಕದ ನ್ಯಾಯ ಇಲಾಖೆಯ ತನಿಖಾ ವರದಿಯಲ್ಲೇ ಇದೆ. 2015ರ ಮಾರ್ಚ್ 4ರಂದು ಹೊರಬಂದ ವರದಿ ಅದು. ಕೋರ್ಟಿನ ಮೇಲೆ ಜನರಿಗೆ ನಂಬಿಕೆ ಹೇಗೆ ಹೋಗುತ್ತೆ ಅನ್ನುವ ಪ್ರಶ್ನೆ ಬಂದಾಗಲೆಲ್ಲ ನನಗೆ ಮೊದಲು ನೆನಪಾಗೋದು ಈ ಮಹಿಳೆ. ವರದಿಯಲ್ಲಿ ಅವರ ಹೆಸರಿಲ್ಲ. ಲೆಕ್ಕ ಮಾತ್ರ ಇದೆ.

ಅಮೆರಿಕದಲ್ಲಿ ಕೋರ್ಟುಗಳ ಮೇಲಿನ ನಂಬಿಕೆ ಬಿಳಿಯರಿಗಿಂತ ಕಪ್ಪು ವರ್ಣೀಯರಲ್ಲಿ ಕಡಿಮೆ ಅನ್ನೋದು ಹೊಸ ಸಂಗತಿ ಏನಲ್ಲ. ರಾಜ್ಯ ಕೋರ್ಟುಗಳ ರಾಷ್ಟ್ರೀಯ ಕೇಂದ್ರದ 1999ರ ಸಮೀಕ್ಷೆಯಲ್ಲಿ, ಕಪ್ಪು ವರ್ಣೀಯರಲ್ಲಿ ಹತ್ತಕ್ಕೆ ಸುಮಾರು ಏಳು ಮಂದಿ, ಕೋರ್ಟುಗಳು ತಮ್ಮ ಜನರನ್ನು ಬೇರೆಯವರಿಗಿಂತ ಕೀಳಾಗಿ ನಡೆಸಿಕೊಳ್ಳುತ್ತವೆ ಎಂದಿದ್ದರು. ಇಂಥ ಅಂಕಿ ಕಂಡ ಕೂಡಲೇ ಕೆಲವರು ಜನರ ಮನಸ್ಸಿನಲ್ಲೇ ದೋಷ ಹುಡುಕಲು ಹೊರಡುತ್ತಾರೆ. ಕಾನೂನು ಗೊತ್ತಿಲ್ಲ, ಹಳೆಯ ಗಾಯ ಕೆದಕುತ್ತಾರೆ, ಗಾಳಿಮಾತು ನಂಬುತ್ತಾರೆ ಅನ್ನೋ ಮಾತುಗಳು ಬರುತ್ತವೆ. ಫರ್ಗ್ಯುಸನ್ ಪ್ರಕರಣವನ್ನು ಪೂರ್ತಿ ಓದಿದವರು ಹಾಗೆ ಹೇಳಲಾರರು. ಅಲ್ಲಿನ ಕಪ್ಪು ಜನರ ಅಪನಂಬಿಕೆ ಕೋರ್ಟಿನ ಕೌಂಟರಿನ ಮುಂದೆ ನಿಂತು, ಕೈಯಿಂದ ಹಣ ಕೊಟ್ಟು ಕಲಿತದ್ದು. ಅದಕ್ಕೆ ಅವರ ಹತ್ತಿರ ರಸೀದಿ ಇತ್ತು.

ಊರು ಮತ್ತು ಅದರ ಬೊಕ್ಕಸ

ಮೊದಲು ಜಾಗ ಅರ್ಥವಾಗಬೇಕು. ಸೇಂಟ್ ಲೂಯಿಸ್ ಕೌಂಟಿ ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಜಿಲ್ಲೆ ಅಂದುಕೊಳ್ಳಿ. ಆ ಒಂದು ಕೌಂಟಿಯೊಳಗೆ ಆಗ 90 ಪುಟ್ಟ ಪುಟ್ಟ ನಗರಸಭೆಗಳಿದ್ದವು. 81 ಕಡೆ ಅವುಗಳದ್ದೇ ಮುನಿಸಿಪಲ್ ಕೋರ್ಟು, ಅಂದರೆ ಊರಿನ ಸಣ್ಣಪುಟ್ಟ ನಿಯಮ ಮುರಿದ ಕೇಸು ನೋಡುವ ಕೋರ್ಟು. ಕೆಲವು ನಗರಸಭೆಗಳ ವ್ಯಾಪ್ತಿ ನಾಲ್ಕಾರು ಬೀದಿ ಅಷ್ಟೇ. ಕಾರಿನಲ್ಲಿ ಹತ್ತು ನಿಮಿಷ ಹೋದರೆ ಮೂರು ನಾಲ್ಕು ಪೊಲೀಸ್ ಠಾಣೆಗಳ ಗಡಿ ದಾಟಿರುತ್ತೀರಿ. ಒಬ್ಬನೇ ಮನುಷ್ಯನ ಮೇಲೆ ಒಂದೇ ಸಮಯಕ್ಕೆ ಬೇರೆ ಬೇರೆ ಊರುಗಳ ವಾರಂಟು ಇರೋದು ಮಾಮೂಲಿ. ಒಂದು ಜೈಲಿನಿಂದ ಬಿಟ್ಟ ಕೂಡಲೇ ಪಕ್ಕದ ಊರಿನವರು ಬಂದು ಎತ್ತಿಕೊಂಡು ಹೋಗುತ್ತಿದ್ದರು.

ಫರ್ಗ್ಯುಸನ್ ಮೊದಲು ಬಿಳಿಯರ ಊರು. 1990ರಲ್ಲಿ ಅಲ್ಲಿ ಕಪ್ಪು ವರ್ಣೀಯರು ನಾಲ್ಕರಲ್ಲಿ ಒಂದು ಪಾಲು. 2000ಕ್ಕೆ ಅರ್ಧಕ್ಕಿಂತ ಜಾಸ್ತಿ, 2010ಕ್ಕೆ 67%. ಜನ ಬದಲಾದರು, ಆಡಳಿತ ಬದಲಾಗಲಿಲ್ಲ. ವರದಿ ಬಂದಾಗ 54 ಪೊಲೀಸರಲ್ಲಿ ಕಪ್ಪು ವರ್ಣೀಯರು ನಾಲ್ಕೇ ಮಂದಿ.

ಊರಿಗೆ ದುಡ್ಡು ಬೇಕಿತ್ತು. ಮಾರಾಟ ತೆರಿಗೆ ಸಾಲುತ್ತಿರಲಿಲ್ಲ. 2010ರ ಮಾರ್ಚ್‌ನಲ್ಲಿ ನಗರಸಭೆಯ ಹಣಕಾಸು ಅಧಿಕಾರಿ ಪೊಲೀಸ್ ಮುಖ್ಯಸ್ಥರಿಗೆ ಒಂದು ಪತ್ರ ಬರೆದರು. ವರ್ಷ ಮುಗಿಯುವ ಮೊದಲು ದಂಡದ ಚೀಟಿಗಳ ಸಂಖ್ಯೆ ಚೆನ್ನಾಗಿ ಏರದಿದ್ದರೆ ಮುಂದಿನ ವರ್ಷದ ವಸೂಲಿ ಹೆಚ್ಚಿಸೋದು ಕಷ್ಟ ಅನ್ನೋದು ಅದರ ಸಾರ. 2013ರಲ್ಲಿ ಅದೇ ಅಧಿಕಾರಿ, ಪೊಲೀಸರು 10% ಏರಿಕೆ ತಂದುಕೊಡಬಹುದೇ ಅಂತ ಮುಖ್ಯಸ್ಥರನ್ನು ಕೇಳಿದ್ದೇನೆ, ಪ್ರಯತ್ನಿಸ್ತೀವಿ ಅಂದಿದ್ದಾರೆ ಎಂದು ಊರಿನ ಆಡಳಿತ ನಡೆಸುವ ನಗರ ವ್ಯವಸ್ಥಾಪಕರಿಗೆ (ಸಿಟಿ ಮ್ಯಾನೇಜರ್) ಬರೆದರು. ಅಪರಾಧ ಎಷ್ಟು ನಡೆಯುತ್ತೆ ಅನ್ನೋ ಮಾತೇ ಈ ಪತ್ರಗಳಲ್ಲಿ ಇಲ್ಲ. ಹಾಲಿನ ಡೇರಿಯವರು ಮುಂದಿನ ತಿಂಗಳು ಎಷ್ಟು ಲೀಟರ್ ಬರುತ್ತೆ ಅಂತ ಲೆಕ್ಕ ಹಾಕಿದ ಹಾಗಿದೆ.

ಆ ಲೆಕ್ಕ ಪ್ರತಿ ವರ್ಷ ಏರಿತು. 2010ರ ಹಣಕಾಸು ವರ್ಷದಲ್ಲಿ ದಂಡ ಮತ್ತು ಶುಲ್ಕದಿಂದ ಬಂದದ್ದು 13.8 ಲಕ್ಷ ಡಾಲರ್. 2012ಕ್ಕೆ ಅಂದಾಜು ಮಾಡಿದ್ದು 19.2 ಲಕ್ಷ, ಬಂದದ್ದು 21.1 ಲಕ್ಷ. 2013ಕ್ಕೆ 24.6 ಲಕ್ಷ. 2015ಕ್ಕೆ ಬಜೆಟ್‌ನಲ್ಲಿ ಬರೆದುಕೊಂಡದ್ದು 30.9 ಲಕ್ಷ. ಅಂದರೆ ಊರಿನ ಸಾಮಾನ್ಯ ಆದಾಯದ ನಾಲ್ಕರಲ್ಲಿ ಒಂದು ಪಾಲಿನ ಹತ್ತಿರ. ಮನೆ ಮುಂದೆ ಹುಲ್ಲು ಎತ್ತರ ಬೆಳೆದರೆ ಕೌಂಟಿಯ ಇನ್ನೊಂದು ಊರಲ್ಲಿ 5 ಡಾಲರ್ ದಂಡ. ಫರ್ಗ್ಯುಸನ್‌ನಲ್ಲಿ 77ರಿಂದ 102 ಡಾಲರ್.

ಕೋರ್ಟು ಈ ಲೆಕ್ಕದ ಹೊರಗಿತ್ತೇ? ಇಲ್ಲ. ಮುನಿಸಿಪಲ್ ನ್ಯಾಯಾಧೀಶರ ಹೆಸರನ್ನು ಸೂಚಿಸುತ್ತಿದ್ದವರು ನಗರ ವ್ಯವಸ್ಥಾಪಕರು. ಆರಿಸುತ್ತಿದ್ದದ್ದು ನಗರಸಭೆ, ಎರಡೆರಡು ವರ್ಷಕ್ಕೆ. ಕೋರ್ಟಿನ ದಿನದಿನದ ಕೆಲಸ ನಡೆಸುತ್ತಿದ್ದ ಕ್ಲರ್ಕ್‌ಗೆ ಮೇಲಧಿಕಾರಿ ಪೊಲೀಸ್ ಮುಖ್ಯಸ್ಥರು. ಚೀಟಿ ಬರೆಯುವ ಇಲಾಖೆಯ ಕೈಕೆಳಗೇ ಆ ಚೀಟಿ ಸರಿಯೋ ತಪ್ಪೋ ಅಂತ ನೋಡುವ ಕಚೇರಿ. 2012ರಲ್ಲಿ ನಗರಸಭೆಯ ಒಬ್ಬ ಸದಸ್ಯರು, ಈ ನ್ಯಾಯಾಧೀಶರು ಸಾಕ್ಷಿ ಹೇಳಿಕೆ ಕೇಳುವುದಿಲ್ಲ, ದಾಖಲೆ ನೋಡುವುದಿಲ್ಲ, ಇವರನ್ನು ಮತ್ತೆ ನೇಮಿಸಬಾರದು ಎಂದು ವಿರೋಧಿಸಿದರು. ವ್ಯವಸ್ಥಾಪಕರ ಉತ್ತರ: ಕೋರ್ಟಿನ ದಕ್ಷತೆ ಕಡಿಮೆಯಾಗುವುದನ್ನಾಗಲಿ, ದಂಡದ ಆದಾಯ ಇಳಿಯುವುದನ್ನಾಗಲಿ ಊರು ತಡೆದುಕೊಳ್ಳಲಾರದು. ನ್ಯಾಯಾಧೀಶರು ಮುಂದುವರಿದರು.

ನನ್ನ ಮಟ್ಟಿಗೆ ಇಡೀ ಪ್ರಕರಣದ ಗಂಟು ಇಲ್ಲಿದೆ. ಸಾಕ್ಷಿ ಕೇಳುವುದಿಲ್ಲ ಅನ್ನುವ ದೂರನ್ನು ಯಾರೂ ಸುಳ್ಳು ಅನ್ನಲಿಲ್ಲ. ಅದಕ್ಕಿಂತ ಆದಾಯ ಮುಖ್ಯ ಅಂದರು, ಅಷ್ಟೇ.

ಕೌಂಟರಿನ ಮುಂದೆ

ಈಗ ಅದೇ ಕೋರ್ಟನ್ನು ಚೀಟಿ ಹಿಡಿದು ಬಂದವರ ಕಡೆಯಿಂದ ನೋಡೋಣ.

ಚೀಟಿಯಲ್ಲಿ ಡೇಟು ಬರೆದಿರುತ್ತೆ. ಕೆಲವೊಮ್ಮೆ ಪೊಲೀಸರು ಬರೆದ ಡೇಟೇ ತಪ್ಪು. ತಿಂಗಳಿಗೆ ಮೂರು ನಾಲ್ಕು ಸಲ ಮಾತ್ರ ಕೋರ್ಟು ಕೂರುತ್ತಿತ್ತು. ಪ್ರತಿ ಸಲ ನೂರಾರು ಜನ. ಯಾವ ತಪ್ಪಿಗೆ ಖುದ್ದಾಗಿ ಬರಬೇಕು, ಯಾವುದಕ್ಕೆ ಕಿಟಕಿಯಲ್ಲೇ ಕಟ್ಟಬಹುದು ಅನ್ನೋದು ಸ್ಪಷ್ಟವಾಗಿ ಎಲ್ಲೂ ತಿಳಿಯುತ್ತಿರಲಿಲ್ಲ. ಮನೆ ಬದಲಿಸಿದವರಿಗೆ ಕಾಗದ ಮುಟ್ಟುತ್ತಿರಲಿಲ್ಲ. ಬಡವರು ಬಾಡಿಗೆ ಮನೆ ಆಗಾಗ ಬದಲಿಸುತ್ತಾರೆ ಅಲ್ವಾ? ಡೇಟು ತಪ್ಪಿದರೆ ಗೈರು ಹಾಜರಿ ಆರೋಪ. ಅದರ ಮೇಲೆ ವಾರಂಟು. ಸಂಚಾರದ ಕೇಸಾಗಿದ್ದರೆ ಲೈಸೆನ್ಸ್ ಅಮಾನತು. ಬಸ್ಸು ಸರಿಯಾಗಿಲ್ಲದ ಊರಲ್ಲಿ ಕೆಲಸಕ್ಕೆ ಹೋಗಲು ಕಾರು ತೆಗೆಯಲೇಬೇಕು. ತೆಗೆದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಇನ್ನೊಂದು ಕೇಸು. 2013ರಲ್ಲಿ ಕೋರ್ಟು ವಸೂಲಿ ಮಾಡಿದ ಹಣದಲ್ಲಿ ಸುಮಾರು ಕಾಲು ಭಾಗ ಈ ಗೈರು ಹಾಜರಿ ದಂಡದಿಂದಲೇ ಬಂತು. 2014ರ ಕೊನೆಗೆ ಈ ಒಂದು ಪುಟ್ಟ ಕೋರ್ಟಿನ ವಾರಂಟು 16,000ಕ್ಕೂ ಹೆಚ್ಚು ಜನರ ಮೇಲೆ ಬಾಕಿ ಇತ್ತು. ಇದರಲ್ಲಿ ಹೊರಗಿನ ಊರಿನವರೂ ಸೇರಿದ್ದಾರೆ, ನಿಜ. ಆದರೂ 21,000 ಜನರ ಊರು ಅನ್ನೋದನ್ನು ಮರೆಯಬೇಡಿ.

ದಂಡ ಕಟ್ಟಲು ಆಗದವರನ್ನು, ಯಾಕೆ ಆಗಲಿಲ್ಲ ಎಂದು ವಿಚಾರಿಸದೆ, ಸುಮ್ನೆ ಜೈಲಿಗೆ ಹಾಕಬಾರದು ಅಂತ ಅಮೆರಿಕದ ಸುಪ್ರೀಂ ಕೋರ್ಟು 1983ರಲ್ಲೇ ಬೇರ್ಡನ್ ಪ್ರಕರಣದಲ್ಲಿ ಹೇಳಿತ್ತು. ಮೂವತ್ತು ವರ್ಷ ಕಳೆದರೂ ಆ ಮಾತು ಫರ್ಗ್ಯುಸನ್‌ನ ಕೌಂಟರಿನ ತನಕ ಬಂದಿರಲಿಲ್ಲ.

ಜನಾಂಗದ ಲೆಕ್ಕಕ್ಕೆ ಬರುತ್ತೇನೆ. 2012ರಿಂದ 2014ರ ಅಂಕಿಗಳು ಇವು. ಜನಸಂಖ್ಯೆಯಲ್ಲಿ 67% ಇದ್ದ ಕಪ್ಪು ವರ್ಣೀಯರು, ಪೊಲೀಸರು ತಡೆದ ವಾಹನ ಸವಾರರಲ್ಲಿ 85%, ಚೀಟಿ ಸಿಕ್ಕವರಲ್ಲಿ 90%, ಬಂಧನವಾದವರಲ್ಲಿ 93%. ತಡೆದಾಗ ಅವರನ್ನು ತಪಾಸಣೆ ಮಾಡುವ ಸಾಧ್ಯತೆ ಬಿಳಿಯರಿಗಿಂತ ಎರಡು ಪಟ್ಟಿಗೂ ಮೇಲೆ. ಹಾಗೆ ಹುಡುಕಿದಾಗ ನಿಷಿದ್ಧ ವಸ್ತು ಸಿಕ್ಕಿದ್ದು ಬಿಳಿಯರ ಹತ್ತಿರವೇ ಹೆಚ್ಚು. ರಸ್ತೆಯಲ್ಲಿ ನಡೆದ ರೀತಿ ಸರಿಯಿಲ್ಲ ಎಂಬ ಆರೋಪವೂ ಒಂದಿತ್ತು. ಅದರಲ್ಲಿ ಸಿಕ್ಕಿದವರ ಪೈಕಿ 95% ಕಪ್ಪು ವರ್ಣೀಯರು.

ಇದು ಪೊಲೀಸರ ಕಥೆ, ಕೋರ್ಟು ಏನು ಮಾಡುತ್ತೆ ಅಂತ ಕೇಳಬಹುದು. ಕೋರ್ಟಿನ ಒಳಗಿನ ಅಂಕಿಯೂ ಇದೆ. ನ್ಯಾಯಾಧೀಶರು ಕೇಸು ವಜಾ ಮಾಡುವ ಸಾಧ್ಯತೆ ಬೇರೆಯವರಿಗೆ ಹೋಲಿಸಿದರೆ ಕಪ್ಪು ವರ್ಣೀಯರಿಗೆ 68% ಕಡಿಮೆ. ಅವರ ಕೇಸು ವಾರಂಟಿನ ತನಕ ಹೋಗುವ ಸಾಧ್ಯತೆ ಕನಿಷ್ಠ 50% ಹೆಚ್ಚು. ಬರೀ ಮುನಿಸಿಪಲ್ ವಾರಂಟು ಇದೆ ಅನ್ನೋ ಒಂದೇ ಕಾರಣಕ್ಕೆ ಬಂಧನವಾದವರಲ್ಲಿ 96% ಅವರೇ.

2012ರ ಬೇಸಿಗೆಯಲ್ಲಿ 32 ವರ್ಷದ ಒಬ್ಬರು ಬ್ಯಾಸ್ಕೆಟ್‌ಬಾಲ್ ಆಡಿ ಬಂದು, ನಿಲ್ಲಿಸಿದ ಕಾರಿನಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದರು. ಪೊಲೀಸರು ಬಂದರು, ಮಾತು ಬೆಳೆಯಿತು, ಎಂಟು ಆರೋಪ ಬಿತ್ತು. ಅದರಲ್ಲಿ ಒಂದು ಸುಳ್ಳು ಮಾಹಿತಿ. ಪೂರ್ತಿ ಹೆಸರು ಹೇಳುವ ಬದಲು, ನಾವು ಮಂಜುನಾಥನನ್ನು ಮಂಜು ಅನ್ನೋ ಹಾಗೆ, ಮೊಟಕು ಹೆಸರು ಹೇಳಿದ್ದರು. ನಿಂತ ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಿರಲಿಲ್ಲ ಅನ್ನೋದು ಇನ್ನೊಂದು ಆರೋಪ. ಈ ಕೇಸಿನಿಂದ ಅವರ ಕೆಲಸ ಹೋಯಿತು.

ಇದೇ ಹೊತ್ತಿನಲ್ಲಿ ಅದೇ ಕೋರ್ಟಿನ ನ್ಯಾಯಾಧೀಶರು, ಕ್ಲರ್ಕ್, ಪೊಲೀಸ್ ಅಧಿಕಾರಿಗಳು ತಮ್ಮ ಮತ್ತು ತಮ್ಮ ಸ್ನೇಹಿತರ ಚೀಟಿಗಳನ್ನು ಸದ್ದಿಲ್ಲದೆ ರದ್ದು ಮಾಡಿಸುತ್ತಿದ್ದರು. ಕಪ್ಪು ವರ್ಣೀಯರಿಗೇ ಯಾಕೆ ಇಷ್ಟು ಕೇಸು ಎಂದು ಕೇಳಿದರೆ, ಅವರಿಗೆ ಜವಾಬ್ದಾರಿ ಇಲ್ಲ ಅನ್ನೋ ಉತ್ತರ ಊರಿನ ಅಧಿಕಾರಿಗಳಿಂದ ಬರುತ್ತಿತ್ತು. ನನಗೆ ವರದಿಯಲ್ಲಿ ಎಲ್ಲಕ್ಕಿಂತ ನೋವು ಕೊಟ್ಟ ಜಾಗ ಇದು. ದಂಡ ಜಾಸ್ತಿ ಆದರೆ ಜನ ಹೇಗೋ ತಡೆದುಕೊಳ್ಳುತ್ತಾರೆ. ಒಂದೇ ಕಿಟಕಿಯಲ್ಲಿ ಒಬ್ಬರಿಗೆ ರಸೀದಿ, ಇನ್ನೊಬ್ಬರಿಗೆ ಮಾಫಿ ಅಂತ ಕಂಡ ಮೇಲೆ ಏನು ಹೇಳಿ ಸಮಾಧಾನ ಮಾಡುತ್ತೀರಿ?

ಟಾಮ್ ಟೈಲರ್ ಎಂಬ ಮನಃಶಾಸ್ತ್ರಜ್ಞರು 1984ರಲ್ಲಿ ಶಿಕಾಗೋದ 1,575 ಜನರನ್ನು ಮಾತಾಡಿಸಿ ನಡೆಸಿದ ಅಧ್ಯಯನ ಇಲ್ಲಿ ನೆರವಿಗೆ ಬರುತ್ತೆ. ಜನ ಕೋರ್ಟನ್ನು, ಪೊಲೀಸರನ್ನು ಅಳೆಯುವಾಗ ಗೆದ್ದೆವೋ ಸೋತೆವೋ ಅನ್ನುವುದಕ್ಕಿಂತ ಹೆಚ್ಚಾಗಿ ತಮ್ಮನ್ನು ಹೇಗೆ ನಡೆಸಿಕೊಂಡರು ಅನ್ನೋದನ್ನು ನೋಡುತ್ತಾರೆ. ನನ್ನ ಮಾತು ಕೇಳಿದರಾ? ಮರ್ಯಾದೆ ಕೊಟ್ಟರಾ? ಎಲ್ಲರಿಗೂ ಒಂದೇ ನಿಯಮವಾ? ನಮ್ಮಲ್ಲಿ ಕೋರ್ಟಿಗೆ ಹೋದರೆ ಗೆದ್ದವ ಸೋತ, ಸೋತವ ಸತ್ತ ಅನ್ನುವ ಗಾದೆ ಇದೆ. ಅದು ಅಲೆದಾಟದ, ಖರ್ಚಿನ ಬಗ್ಗೆ ಇರುವ ಗಾದೆ. ಅಲ್ಲಿ ಸೋಲು, ಗೆಲುವು ಅಂತ ಎರಡಾದರೂ ಇವೆ. ಫರ್ಗ್ಯುಸನ್‌ನಲ್ಲಿ ಬಹಳ ಜನರಿಗೆ ವಾದ ಮಾಡುವ ಜಾಗವೇ ಸಿಕ್ಕಿರಲಿಲ್ಲ.

ಒಂದೇ ದಿನ ಬಂದ ಎರಡು ವರದಿ

2014ರ ಆಗಸ್ಟ್ 9ರಂದು ಫರ್ಗ್ಯುಸನ್‌ನ ಕ್ಯಾನ್‌ಫೀಲ್ಡ್ ಡ್ರೈವ್ ರಸ್ತೆಯಲ್ಲಿ 18 ವರ್ಷದ ಕಪ್ಪು ವರ್ಣೀಯ ಯುವಕ ಮೈಕೆಲ್ ಬ್ರೌನ್ ಪೊಲೀಸ್ ಗುಂಡಿಗೆ ಬಲಿಯಾದ. ಊರು ಹೊತ್ತಿ ಉರಿಯಿತು. ನವೆಂಬರ್ 24ರಂದು ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ), ಗುಂಡು ಹಾರಿಸಿದ ಅಧಿಕಾರಿಯ ಮೇಲೆ ಆರೋಪ ಹೊರಿಸುವುದಿಲ್ಲ ಎಂದಿತು. ಮತ್ತೆ ಬೆಂಕಿ.

ಆಮೇಲೆ ಮಾರ್ಚ್ 4ರಂದು ನ್ಯಾಯ ಇಲಾಖೆಯಿಂದ ಒಂದಲ್ಲ, ಎರಡು ವರದಿ ಬಂದವು. ಒಂದು ಗುಂಡಿನ ಬಗ್ಗೆ. ಆ ಅಧಿಕಾರಿಯ ಮೇಲೆ ಮೊಕದ್ದಮೆ ಹೂಡಲು ಸಾಕ್ಷ್ಯ ಸಾಲದು, ಬ್ರೌನ್ ಕೈ ಎತ್ತಿ ಶರಣಾಗಿದ್ದ ಎಂದ ಸಾಕ್ಷಿಗಳ ಮಾತನ್ನು ಆಧಾರವಾಗಿ ಹಿಡಿಯಲಾಗದು ಎಂದು ಅದು ಹೇಳಿತು. ಇನ್ನೊಂದು ನಾನು ಇಲ್ಲಿವರೆಗೆ ಹೇಳುತ್ತ ಬಂದ ಪೊಲೀಸ್ ಮತ್ತು ಕೋರ್ಟಿನ ವರದಿ.

ಬಹಳ ಜನ ಇವುಗಳಲ್ಲಿ ಒಂದನ್ನೇ ಓದಿದರು. ಮೊದಲನೆಯದನ್ನು ಹಿಡಿದವರು, ನೋಡಿ, ಗಲಾಟೆ ಮಾಡಿದ್ದೆಲ್ಲ ಸುಳ್ಳಿನ ಮೇಲೆ ಎಂದರು. ಎರಡನೆಯದನ್ನು ಹಿಡಿದವರು ಮೊದಲನೆಯದನ್ನು ತೆರೆಯಲೇ ಇಲ್ಲ. ಎರಡನ್ನೂ ಒಟ್ಟಿಗೆ ಓದಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ. ಆ ಒಂದು ಮಧ್ಯಾಹ್ನ ನಡೆದದ್ದರ ಬಗ್ಗೆ ಜನ ನಂಬಿದ್ದರಲ್ಲಿ ತಪ್ಪಿರಬಹುದು. ಆದರೆ ತನಿಖೆ ಸರಿಯಾಗಿ ನಡೆಯುತ್ತೆ, ತೀರ್ಮಾನ ನ್ಯಾಯವಾಗಿರುತ್ತೆ ಎಂದು ನಂಬಲು ಅವರಿಗೆ ಯಾವ ಅನುಭವ ಇತ್ತು? ಆ ಊರಿನವರು ಕಣ್ಣಾರೆ ಕಂಡ ಕೋರ್ಟು ಒಂದೇ, ಮುನಿಸಿಪಲ್ ಕೋರ್ಟು. ಗ್ರ್ಯಾಂಡ್ ಜ್ಯೂರಿ ಕೂತದ್ದು ಬೇರೆ ಕೋರ್ಟಿನಲ್ಲಿ. ಹುಲ್ಲಿಗೆ 102 ಡಾಲರ್ ಹಾಕಿದವರ ಗುಂಪಿಗೇ ಇವರೂ ಸೇರಿದವರು ಅಂತ ಜನ ಅಂದುಕೊಂಡರು. ನಾನಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

ಅದಕ್ಕೇ ದೊಡ್ಡ ಕೇಸುಗಳ ತೀರ್ಪನ್ನು ಜನಾಂಗವಾರು ಜನ ಹೇಗೆ ತಗೊಂಡರು ಅಂತ ಸಮೀಕ್ಷೆ ಮಾಡುವವರು, ಅದಕ್ಕೆ ಮೊದಲು ಆ ಬೀದಿಯ ಸಣ್ಣ ಕೋರ್ಟಿನ ಕಡತ ನೋಡಬೇಕು.

ರಿಪೇರಿ

ವರದಿಯ ನಂತರ ಕೆಲಸ ಬೇಗ ನಡೆಯಿತು. ಜನಾಂಗ ದ್ವೇಷದ ಇಮೇಲುಗಳ ಕಾರಣಕ್ಕೆ ಕೋರ್ಟಿನ ಕ್ಲರ್ಕ್ ಕೆಲಸ ಹೋಯಿತು. ಮಾರ್ಚ್ 9ರಂದು ನ್ಯಾಯಾಧೀಶರು ರಾಜೀನಾಮೆ ಕೊಟ್ಟರು. ಅದೇ ದಿನ ಮಿಸೌರಿ ಸುಪ್ರೀಂ ಕೋರ್ಟು, ಫರ್ಗ್ಯುಸನ್‌ನ ಎಲ್ಲ ಮುನಿಸಿಪಲ್ ಕೇಸುಗಳನ್ನು ಮೇಲ್ಮನವಿ ಕೋರ್ಟಿನ ನ್ಯಾಯಾಧೀಶರಾದ ರಾಯ್ ರಿಕ್ಟರ್ ಅವರಿಗೆ ವಹಿಸಿತು. ವ್ಯವಸ್ಥಾಪಕರು, ಪೊಲೀಸ್ ಮುಖ್ಯಸ್ಥರು ಕೂಡ ಅದೇ ತಿಂಗಳು ಹೋದರು. ಆಗಸ್ಟ್ 24ರಂದು ಹೊಸ ಮುನಿಸಿಪಲ್ ನ್ಯಾಯಾಧೀಶ ಡೊನಾಲ್ಡ್ ಮೆಕಲಿನ್, 2014ರ ಕೊನೆಯವರೆಗೆ ಹೊರಡಿಸಿದ್ದ ಬಂಧನ ವಾರಂಟುಗಳನ್ನೆಲ್ಲ ಹಿಂದಕ್ಕೆ ಪಡೆದರು. ಸುಮಾರು 10,000 ವಾರಂಟು.

ಜುಲೈನಲ್ಲಿ ರಾಜ್ಯದ ಕಾನೂನೂ ಬದಲಾಯಿತು. ಒಂದು ಊರು ತನ್ನ ಆದಾಯದಲ್ಲಿ 30% ತನಕ ಸಂಚಾರ ದಂಡದಿಂದ ಪಡೆಯಬಹುದು ಅಂತ ಇತ್ತು. ಅದನ್ನು 20%ಗೆ, ಸೇಂಟ್ ಲೂಯಿಸ್ ಕೌಂಟಿಗೆ ಮಾತ್ರ 12.5%ಗೆ ಇಳಿಸಿದರು. ಕೆಲವು ಊರುಗಳು ಕೋರ್ಟಿಗೆ ಹೋದವು. ಒಂದೇ ಕೌಂಟಿಗೆ ಬೇರೆ ನಿಯಮ ಸಲ್ಲದು ಎಂದು 2017ರಲ್ಲಿ ಮಿಸೌರಿ ಸುಪ್ರೀಂ ಕೋರ್ಟು ಆ 12.5%ಅನ್ನು ತೆಗೆದುಹಾಕಿತು. ನ್ಯಾಯ ಇಲಾಖೆ ಮತ್ತು ಊರಿನ ನಡುವೆ ಸುಧಾರಣೆಯ ಒಪ್ಪಂದ 2016ರ ಏಪ್ರಿಲ್‌ನಲ್ಲಿ ಫೆಡರಲ್ (ಕೇಂದ್ರದ) ಕೋರ್ಟಿನ ಒಪ್ಪಿಗೆ ಪಡೆಯಿತು. ಕಟ್ಟುವ ಶಕ್ತಿ ಇದೆಯೇ ಎಂದು ವಿಚಾರಿಸಬೇಕು, ಕೋರ್ಟು ಊರಿನ ಆಡಳಿತದಿಂದ ದೂರ ಇರಬೇಕು ಅನ್ನೋದೆಲ್ಲ ಅದರಲ್ಲಿದೆ. ಆದರೆ ಕೌಂಟಿಯ ಈ ಪುಟ್ಟ ಕೋರ್ಟುಗಳನ್ನೆಲ್ಲ ಒಟ್ಟುಗೂಡಿಸಬೇಕು ಅಂತ ರಾಜ್ಯಪಾಲರು ನೇಮಿಸಿದ್ದ ಫರ್ಗ್ಯುಸನ್ ಆಯೋಗ ಕೊಟ್ಟ ಸಲಹೆ ಪೂರ್ತಿ ಜಾರಿಗೆ ಬರಲಿಲ್ಲ. ನಾನು ಕೇಳಿದರೆ, ಮೊದಲು ಆಗಬೇಕಿದ್ದ ಕೆಲಸ ಅದೇ.

ಕೊನೆಗೆ ಒಂದು ಸಂಗತಿ. ಕೋರ್ಟಿನಿಂದ ಇಷ್ಟು ನೊಂದ ಜನ 2015ರ ಫೆಬ್ರವರಿಯಲ್ಲಿ ಹೋದದ್ದೂ ಕೋರ್ಟಿಗೇ. ದಂಡ ಕಟ್ಟಲಾಗದೆ ಜೈಲು ಕಂಡವರ ಪರವಾಗಿ ಫೆಡರಲ್ ಕೋರ್ಟಿನಲ್ಲಿ ಫರ್ಗ್ಯುಸನ್ ನಗರದ ಮೇಲೆ ದಾವೆ ಹೂಡಿದರು. ಸೇಂಟ್ ಲೂಯಿಸ್‌ಗೆ ಇದು ಹಳೆಯ ದಾರಿ. 1846ರಲ್ಲಿ ಡ್ರೆಡ್ ಸ್ಕಾಟ್, ಹ್ಯಾರಿಯೆಟ್ ಸ್ಕಾಟ್ ಎಂಬ ಗುಲಾಮ ದಂಪತಿ ತಮ್ಮ ಬಿಡುಗಡೆ ಕೇಳಿ ಬಂದದ್ದು ಇದೇ ನಗರದ ಕೋರ್ಟಿಗೆ. 1850ರಲ್ಲಿ ಜ್ಯೂರಿ ಅವರು ಸ್ವತಂತ್ರರು ಎಂದಿತು. 1852ರಲ್ಲಿ ಮಿಸೌರಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. 1857ರಲ್ಲಿ ದೇಶದ ಸುಪ್ರೀಂ ಕೋರ್ಟು, ಕಪ್ಪು ವರ್ಣೀಯರು ಈ ದೇಶದ ಪ್ರಜೆಗಳೇ ಅಲ್ಲ ಎಂದಿತು. 1948ರಲ್ಲಿ ಅದೇ ಸುಪ್ರೀಂ ಕೋರ್ಟು, ಕಪ್ಪು ವರ್ಣೀಯರಿಗೆ ಮನೆ ಮಾರಬಾರದು ಎಂಬ ಕರಾರನ್ನು ಯಾವ ಕೋರ್ಟೂ ಜಾರಿ ಮಾಡಬಾರದು ಎಂದಾಗ, ಆ ಮನೆ ಇದ್ದದ್ದೂ ಸೇಂಟ್ ಲೂಯಿಸ್‌ನಲ್ಲಿ.

ಫರ್ಗ್ಯುಸನ್ ಮೇಲಿನ ದಾವೆ ಒಂಬತ್ತು ವರ್ಷ ನಡೆಯಿತು. 2024ರಲ್ಲಿ ನಗರ 45 ಲಕ್ಷ ಡಾಲರ್ ಕೊಡಲು ಒಪ್ಪಿತು. ಆ ಹಣದಲ್ಲಿ ಪಾಲು ಇದ್ದವರು 15,000ಕ್ಕೂ ಹೆಚ್ಚು ಜನ. ಸುಮ್ನೆ ಭಾಗಿಸಿದರೆ ತಲೆಗೆ 300 ಡಾಲರ್ ಕೂಡ ಆಗುವುದಿಲ್ಲ.